ಏಳು ಕಿಲೊ ಉಪ್ಪಿನ ಸಮುದ್ರ

“ಎಷ್ಟು ಉಪ್ಪು ಬೇಕಂತೆ?” ನನ್ನ ತಮ್ಮ ಮಗನನ್ನು ಕೇಳಿದ.

“ಏಳು ಕಿಲೊ ಅಪ್ಪಾ.”

“ಲೇ, ನಮ್ಮನೆ ಆರು ತಿಂಗಳ ಅಡಿಗೆ ಉಪ್ಪು ಕಣ್ಲಾ ಅದು!”

ತಮ್ಮನ ಲೆಕ್ಕ ತಪ್ಪಲ್ಲ. ನಾಲ್ಕು ಜನದ ಮನೆ, ತಲೆಗೆ ದಿನಕ್ಕೆ ಹತ್ತು ಗ್ರಾಂ ಅಂತ ಹಿಡಿದರೆ ಏಳು ಕಿಲೊ ಮುಗಿಯಲು ಆರು ತಿಂಗಳೇ ಬೇಕು. ಮಗ ಅಷ್ಟನ್ನೂ ಒಂದು ಮಧ್ಯಾಹ್ನದಲ್ಲಿ 200 ಲೀಟರ್ ನೀರಿಗೆ ಕರಗಿಸಲು ಹೊರಟಿದ್ದ. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಅವರ ತೋಟದ ಮನೆ. ಹಜಾರದ ಗೋಡೆಗೆ ಒತ್ತಿ ಗಾಜಿನ ತೊಟ್ಟಿ ಕೂತಿದೆ: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಗಾಜು, ನೀರು, ಕಲ್ಲು ಎಲ್ಲ ಸೇರಿದರೆ ಮೂರು ಕ್ವಿಂಟಲ್ ಹತ್ತಿರ. ಊರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಮೇಲಿದೆ. ನೆಟ್ಟಗೆ ಗೆರೆ ಎಳೆದರೂ ಹತ್ತಿರದ ಕಡಲು 180 ಕಿ.ಮೀ. ದೂರ. ಇಲ್ಲಿ ಹವಳದ ದಿಬ್ಬದ ಒಂದು ಚೂರು ಮಾಡುತ್ತೇನೆ ಅಂತ ಹುಡುಗನ ಹಟ.

ಲೀಟರ್ ಸಮುದ್ರದ ನೀರಿನಲ್ಲಿ 35 ಗ್ರಾಂ ಉಪ್ಪಿರುತ್ತದೆ. ಇಡೀ ಲೆಕ್ಕ ಇಷ್ಟೇ ಅನ್ನಿಸುತ್ತದೆ. ಆದರೆ ಅಂಗಡಿಯ ಪುಡಿಯುಪ್ಪು ಸುರಿದರೆ ಆಗುವುದು ಉಪ್ಪುನೀರು, ಸಮುದ್ರವಲ್ಲ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಕೂಡಿ ನೂರಕ್ಕೆ ಎಂಬತ್ತೈದು ಪಾಲು. ಮಿಕ್ಕ ಹದಿನೈದರಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಹವಳ ಮನೆ ಕಟ್ಟುವುದು ಆ ಕ್ಯಾಲ್ಸಿಯಂನಿಂದ. ಲೀಟರಿಗೆ 400 ಮಿಲಿಗ್ರಾಂಗಿಂತ ತುಸು ಹೆಚ್ಚು, ಇಡೀ ತೊಟ್ಟಿಗೆ 80 ಗ್ರಾಂ ಚಿಲ್ಲರೆ. ಆದ್ದರಿಂದ ಬೆಂಗಳೂರಿನಿಂದ ಬಕೆಟ್ಟಿನಲ್ಲಿ ಬೇರೆಯೇ ಉಪ್ಪು ಬಂತು. ಅದರ ಬೆಲೆಯನ್ನು ತಮ್ಮನಿಗೆ ಇನ್ನೂ ಯಾರೂ ಹೇಳಿಲ್ಲ.

ಭೂಮಿಯ ಸಮುದ್ರಗಳ ಉಪ್ಪನ್ನೆಲ್ಲ ಬಾಚಿ ನೆಲದ ಮೇಲೆ ಸಮನಾಗಿ ಹರವಿದರೆ 150 ಮೀಟರಿಗೂ ದಪ್ಪದ ಪದರ ಆಗುತ್ತದಂತೆ. ನಮ್ಮ ಕಡೆಯ ಎತ್ತರದ ತಳಿಯ ತೆಂಗು ಇಪ್ಪತ್ತು ಮೀಟರ್ ಅಂದುಕೊಳ್ಳಿ. ಒಂದರ ತಲೆ ಮೇಲೆ ಒಂದರಂತೆ ಏಳು ಮರ ನಿಲ್ಲಿಸಿದರೂ ಮೇಲಿನ ಮರದ ಸುಳಿ ಉಪ್ಪಿನಿಂದ ಆಚೆ ಬರುವುದಿಲ್ಲ. ನೀರಿನ ಲೆಕ್ಕ ಅದಕ್ಕೂ ಮೇಲೆ. ಸಮುದ್ರಗಳಲ್ಲಿರುವುದು ಸುಮಾರು 133 ಕೋಟಿ ಘನ ಕಿಲೋಮೀಟರ್ ನೀರು. ಈ ಅಂಕಿ ಓದಿದರೆ ನನ್ನ ತಲೆಯಲ್ಲಿ ಯಾವ ಚಿತ್ರವೂ ಮೂಡಲಿಲ್ಲ. ಹಾಗಾಗಿ ಹುಡುಗನ ತೊಟ್ಟಿಯನ್ನೇ ಅಳತೆಗೋಲು ಮಾಡಿಕೊಂಡು ಕಾಗದದ ಮೇಲೆ ಭಾಗಿಸಿದೆ. ಇನ್ನೂರು ಲೀಟರಿನ ಆ ತೊಟ್ಟಿ ಒಂದೇ ಒಂದು ಹನಿ ಅಂದುಕೊಂಡರೆ, ಸಮುದ್ರ ಎಷ್ಟಾಗುತ್ತದೆ? ತುಂಬಿದ ಕನ್ನಂಬಾಡಿ ಕಟ್ಟೆಗಳು ಇನ್ನೂರ ಮೂವತ್ತಕ್ಕೂ ಹೆಚ್ಚು. ನಾನು ಎರಡು ಸಲ ಭಾಗಿಸಿ ನೋಡಿದೆ.

ಕಷ್ಟ ಇರುವುದು ಇಲ್ಲೇ. ಸಮುದ್ರವನ್ನು ಕಾಯುವುದು ಅದರ ದೊಡ್ಡತನ. ಆ ದೊಡ್ಡತನ ಮಾಡುವ ಕೆಲಸವನ್ನು ಹನಿಯಷ್ಟು ತೊಟ್ಟಿಗೆ ಮನುಷ್ಯ ಕೈಯಾರೆ ಮಾಡಬೇಕು.

ನೀರು ಆರುವುದನ್ನೇ ನೋಡಿ. ಸಮುದ್ರಗಳಿಂದ ವರ್ಷಕ್ಕೆ ಸರಾಸರಿ ಒಂದು ಮೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ. ಸರಾಸರಿ ಆಳ 3,700 ಮೀಟರ್. ಮಳೆ, ಹೊಳೆ ಏನೂ ಸೇರದೆ ಹೋದರೂ ಸಮುದ್ರ ಬತ್ತಲು ಮೂರು ಸಾವಿರ ವರ್ಷ ಹಿಡಿಯುತ್ತದೆ. ನಮ್ಮ ತೊಟ್ಟಿಯಲ್ಲಿ ಬೇಸಿಗೆಯ ದಿನಕ್ಕೆ ಮೂರು ಲೀಟರ್ ಹೋಗುತ್ತದೆ. ಅರವತ್ತೇಳು ದಿನಕ್ಕೆ ಬರಿದು. ಹೋಗುವುದು ನೀರು ಮಾತ್ರ, ಉಪ್ಪು ಹೋಗುವುದಿಲ್ಲ. ದಿನವೂ ಸಿಹಿನೀರನ್ನೇ ಹುಯ್ಯಬೇಕು. ಮೀನು ಬಿಡುವ ಮೊದಲೇ ಒಮ್ಮೆ ಮನೆಯವರೆಲ್ಲ ಹುಳಿಯಾರಿನ ಮದುವೆಗೆ ಹೋಗಿ ನಾಲ್ಕು ದಿನ ಅಲ್ಲೇ ಉಳಿದರು. ಬಂದು ನೋಡಿದರೆ 35 ಇದ್ದ ಉಪ್ಪು 37 ದಾಟಿತ್ತು. ಕೆಂಪು ಸಮುದ್ರದ ನೀರು ಸುಮಾರು 40. ಒಂದು ಮದುವೆಯ ಊಟ ಮುಗಿಸಿ ಬರುವಷ್ಟರಲ್ಲಿ ತೊಟ್ಟಿ ಅರಬ್ಬಿ ಸಮುದ್ರ ಬಿಟ್ಟು ಕೆಂಪು ಸಮುದ್ರದ ದಾರಿ ಹಿಡಿದಿತ್ತು.

ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಒಂದು ಗೇಣಿನ ಕೊಳವೆ ಇದೆ. ತುದಿಯ ಓರೆಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣಿನಲ್ಲಿ ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ 35ರ ಮೇಲೆ ಬಂದರೆ ಸಮುದ್ರ ಸರಿ ಇದೆ ಅಂತ. ಮಗ ಹೀಗೆ ಒಕ್ಕಣ್ಣಿನಲ್ಲಿ ನೋಡುತ್ತಿರುವಾಗ ಅವನಪ್ಪ ಪಕ್ಕದಲ್ಲೇ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು “ಇನ್ನೊಂದು ಚೂರು ಬೇಕೇನೋ” ಅಂದ, ಸಾರಿಗೆ ಹೇಳಿದ ಹಾಗೆ.

ಬಿಸಿಲಿನದೂ ಇದೇ ಕಥೆ. ಸಮುದ್ರದ ಮೇಲಿನ ಎರಡೂವರೆ ಮೂರು ಮೀಟರ್ ನೀರು, ಅಂದರೆ ಸಾವಿರದಲ್ಲಿ ಒಂದು ಪಾಲೂ ಅಲ್ಲದ ತೆಳು ಪದರ, ಇಡೀ ವಾಯುಮಂಡಲದಷ್ಟು ಶಾಖ ಹಿಡಿದಿಡಬಲ್ಲದು. ಹವಳ ಆ ನೆಮ್ಮದಿಗೆ ಒಗ್ಗಿದ ಜೀವ. ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಬಿಳಿಚಿಕೊಳ್ಳುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಫ್ಯಾನ್ ಹಾಕಿದರೆ ನೀರು ತಣ್ಣಗಾಗುತ್ತದೆ, ಆದರೆ ಬೇಗ ಆರುತ್ತದೆ. ಕರೆಂಟು ಹೋದರೆ ಫ್ಯಾನೂ ಇಲ್ಲ, ಪಂಪೂ ಇಲ್ಲ. ಟಿವಿಗೆ ಅಂತ ತಂದ ಯುಪಿಎಸ್ ಈಗ ಸಮುದ್ರಕ್ಕೆ.

ಇಷ್ಟೆಲ್ಲ ಆದ ಮೇಲೂ ಆರು ವಾರ ತೊಟ್ಟಿ ಖಾಲಿ. ಅಕ್ಕಪಕ್ಕದ ತೋಟದವರು ಬಂದು ನೀರು, ಕಲ್ಲು, ಮರಳು ನೋಡಿ “ಮೀನೆಲ್ಲಪ್ಪಾ?” ಅಂತ ಕೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ಮೀನು ತಾಳಿಕೊಳ್ಳುತ್ತದೆ. ಈ ಎರಡು ಪಡೆಗಳು ಕಲ್ಲುಗಳಲ್ಲಿ ನೆಲೆಯೂರುವ ತನಕ ಮೀನು ಬಿಡುವ ಹಾಗಿಲ್ಲ. ಅವಕ್ಕೆ ಮೊದಲ ಊಟವಾಗಿ ಹಸಿ ಸೀಗಡಿ ಹಾಕುವುದುಂಟು. ಇದು ಮೊಟ್ಟೆಯೂ ಒಳಗೆ ಬಾರದ ಮನೆ. ಹುಡುಗ ಅಮೋನಿಯಂ ಕ್ಲೋರೈಡ್ ತಂದ. ಪೊಟ್ಟಣದ ಹೆಸರು ಕೇಳಿ ಅಮ್ಮನಿಗೆ ಏನೂ ತಿಳಿಯಲಿಲ್ಲ. “ನವಸಾಗರ” ಅಂದ ಕೂಡಲೇ “ಓ, ಕಲಾಯಿಯವನದು!” ಅಂದಳು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವಾಗ ದಟ್ಟ ಬಿಳಿ ಹೊಗೆ ಎಬ್ಬಿಸುತ್ತಿದ್ದ ಅದೇ ಪುಡಿ, ಇದು ಪ್ರಯೋಗಾಲಯದ ಶುದ್ಧ ನಮೂನೆ ಅಷ್ಟೆ. ಹೆಸರಿನಲ್ಲೇ ಸಾಗರ ಇಟ್ಟುಕೊಂಡಿದೆ. ಬೇಕಾದದ್ದು ಒಂದೂಕಾಲು ಗ್ರಾಂ, ಒಂದು ಮೂಗುಬೊಟ್ಟಿನ ತೂಕ. ಇನ್ನೂರು ಲೀಟರ್ ನೀರನ್ನು ಮೀನಿಗೆ ಅಪಾಯಕಾರಿ ಮಾಡಲು ಅಷ್ಟು ಸಾಕು. ಅದನ್ನು ತಿಂದು ಮುಗಿಸುವ ಪಡೆ ಬೆಳೆಯಲು ತಿಂಗಳು ಬೇಕು.

ಯಾಕೆ ಅಷ್ಟು ನಿಧಾನ? ಅನುಕೂಲವಿದ್ದರೆ ಕೆಲವು ಬ್ಯಾಕ್ಟೀರಿಯ ಇಪ್ಪತ್ತೇ ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ಅಮೋನಿಯ ತಿನ್ನುವ ಇವು ಒಮ್ಮೆ ಇಮ್ಮಡಿಯಾಗಲು ಹೆಚ್ಚುಕಡಿಮೆ ಇಡೀ ದಿನ ತೆಗೆದುಕೊಳ್ಳಬಹುದು. ದಿನಕ್ಕೊಮ್ಮೆ ಅಂತಲೇ ಹಿಡಿಯಿರಿ. ಇವತ್ತು ಒಂದು, ನಾಳೆ ಎರಡು, ನಾಡಿದ್ದು ನಾಲ್ಕು. ಹತ್ತನೇ ದಿನಕ್ಕೆ ಸಾವಿರದ ಇಪ್ಪತ್ತನಾಲ್ಕು. ಮೂವತ್ತನೇ ದಿನಕ್ಕೆ 107 ಕೋಟಿ! ಹುಡುಗ ಈ ಅಂಕಿಯನ್ನು ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಟ್ಟ. ನಾನು ಅದಕ್ಕೆ ತಣ್ಣೀರು ಎರಚಿದೆ. ಸಮುದ್ರದ ಮೇಲ್ನೀರಿನ ಒಂದು ಮಿಲಿಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯ ಇರುತ್ತವೆ, ವೈರಸ್ಸುಗಳು ಅದರ ಹತ್ತು ಪಟ್ಟು. ಅವನ ತಿಂಗಳ ತಪಸ್ಸಿನ 107 ಕೋಟಿ ಅಂದರೆ ಕಡಲಿನ ಒಂದು ಲೀಟರ್ ನೀರಿನ ಜನಸಂಖ್ಯೆ.

ಕಾಯುವುದನ್ನು ಮಾತ್ರ ಆ ಮನೆಗೆ ಯಾರೂ ಕಲಿಸಬೇಕಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಗಿಟುಕು ಆಗಲಿ ಅಂತ ಹತ್ತು ಹನ್ನೊಂದು ತಿಂಗಳು ಸುಮ್ಮನಿರುವ ಜನ. ತಮ್ಮ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಹೇಳುತ್ತಾನೆ. ಮಗ ಗಾಜಿನ ಕೊಳವೆಯ ನೀರಿಗೆ ಮೂರು ಹನಿ ಔಷಧಿ ಬಿಟ್ಟು ಅಲ್ಲಾಡಿಸಿ, ಹಸಿರು ಹಳದಿಯಾಯಿತೋ ಇಲ್ಲವೋ ನೋಡುತ್ತಾನೆ. ಇಬ್ಬರ ಮಣಿಕಟ್ಟಿನ ತಿರುವೂ ಒಂದೇ ತರಹ.

ತೊಟ್ಟಿಯ ಹಿಂದೆ ಜಾಲರಿಯ ಒಂದು ಪುಟ್ಟ ಚೀಲ, ಅದರಲ್ಲಿ ನೂರು ಗ್ರಾಂ ಕಪ್ಪು ಕಾಳು. ನೀರಿನ ಹಳದಿ, ವಾಸನೆ ಹೀರುವ ಆಕ್ಟಿವೇಟೆಡ್ ಇದ್ದಿಲು. ದುಡ್ಡು ಕೊಟ್ಟು ತರಿಸಿದ ಡಬ್ಬಿಯ ಮೇಲೆ ತೆಂಗಿನ ಚಿಪ್ಪಿನಿಂದ ಮಾಡಿದ್ದು ಅಂತ ಬರೆದಿತ್ತು. ತಮ್ಮ ಅದನ್ನು ಓದಿ ಹಣೆ ಚಚ್ಚಿಕೊಂಡ. ಹಿತ್ತಲಿನಲ್ಲಿ ಚಿಪ್ಪಿನ ರಾಶಿಯೇ ಬಿದ್ದಿದೆ. ಚಿಪ್ಪನ್ನು ಸುಟ್ಟು, ಆಮೇಲೆ ಹಬೆಯಲ್ಲಿ ಕೆಂಪಗೆ ಕಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್. ನಾಲ್ಕು ಗ್ರಾಂಗೆ ಒಂದು ಎಕರೆ! ತಮ್ಮನ ತೋಟ ಐದೆಕರೆ. ಆ ಚೀಲದಲ್ಲಿ ಇಪ್ಪತ್ತನಾಲ್ಕು ಎಕರೆ ಮಡಿಸಿ ಕೂತಿದೆ. ಅಷ್ಟು ಇದ್ದಿಲಿಗೆ ಎಷ್ಟು ಕಾಯಿಯ ಚಿಪ್ಪು ಬೇಕು ಅಂದರೆ, ಒರಟು ಲೆಕ್ಕದಲ್ಲಿ, ಆರೋ ಏಳೋ.

ಹವಳವೇ ಇಲ್ಲದ ಹವಳದ ದಿಬ್ಬ ಯಾಕೆ ಅಂತ ನೀವು ಕೇಳಬಹುದು. ತೊಟ್ಟಿಯಲ್ಲಿರುವುದು ಇಪ್ಪತ್ತು ಕಿಲೊ ಒಣಕಲ್ಲು, ಕಡಲಿನಿಂದ ಹಿಡಿಯದೆ ಸಾಕಣೆಯಲ್ಲೇ ಹುಟ್ಟಿದ ಎರಡು ಕ್ಲೌನ್ ಮೀನು. ನಮ್ಮ ಕಡಲಿನ ಹವಳ ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಅದು ಸೇರಿತು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಸರಿಯಾದದ್ದೇ. ನಮಗೆ ಹತ್ತಿರದ ಹವಳ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ. ಅಲ್ಲಿ ಮುಳುಗಿ ನೋಡಿ ಬರಬಹುದು, ತರುವ ಹಾಗಿಲ್ಲ. ಹೊರದೇಶದ ತೊಟ್ಟಿಯಲ್ಲಿ ಬೆಳೆದದ್ದು ಬೇಕಾದರೂ ಕಾಗದಪತ್ರ ಗಟ್ಟಿಯಿರಬೇಕು. ಹುಡುಗನಿಗೆ ಆತುರವಿಲ್ಲ.

ಹವಳ ಅಂದರೆ ಕೆಲವು ಮಿಲಿಮೀಟರಿನ ಜೀವ. ಅದರ ಮೈಯ ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಷ್ಟು ಪಾಚಿಕಣಗಳು ಬಾಡಿಗೆಗಿದ್ದು ಬಿಸಿಲಿನಿಂದ ಅಡಿಗೆ ಮಾಡಿ ಹಾಕುತ್ತವೆ. ಗುಂಡುಗುಂಡಾದ ಜಾತಿಗಳು ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. 1836ರ ಏಪ್ರಿಲ್‌ನಲ್ಲಿ ಡಾರ್ವಿನ್ ಬೀಗಲ್ ಹಡಗಿನಿಂದ ಒಂದು ಹವಳದ ದ್ವೀಪಮಾಲೆಗೆ ಇಳಿದ. ಮುಳುಗುತ್ತಿರುವ ಜ್ವಾಲಾಮುಖಿಯ ಮೇಲೆ ಹವಳ ಒಂದೇ ಸಮನೆ ಮೇಲಕ್ಕೆ ಕಟ್ಟುತ್ತ ಬಂದದ್ದೇ ಇಂಥ ದ್ವೀಪ ಎಂಬುದು ಅವನ ವಾದ. ಆ ದ್ವೀಪಗಳ ಹೆಸರು ಕೋಕೋಸ್, ಅಂದರೆ ತೆಂಗು. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್‌ನಲ್ಲಿ ಬೋರ್ ಕೊರೆದು ನೋಡಿದರು. ಹವಳದ ಸುಣ್ಣಕಲ್ಲು 1,200 ಮೀಟರ್ ದಾಟಿದ ಮೇಲೆ ಜ್ವಾಲಾಮುಖಿಯ ಕರಿಕಲ್ಲು ಸಿಕ್ಕಿತು. ಮಂಗಳೂರಿನ ದಡದಿಂದ ತಿಪಟೂರಿನ ಎತ್ತರ 850 ಮೀಟರ್ ಅಂತ ಆಗಲೇ ಹೇಳಿದೆನಲ್ಲ. ಕಾಳುಗಾತ್ರದ ಆ ಪುಟ್ಟ ಜೀವಗಳು ನಮ್ಮೂರಿಗಿಂತ ಎತ್ತರ ಪೇರಿಸಿದ್ದವು.

ಅಂಥದೇ ಹವಳದ ನೆತ್ತಿಯ ಮೇಲೆ ಲಕ್ಷದ್ವೀಪ: 36 ದ್ವೀಪ, ಒಟ್ಟು ನೆಲ 32 ಚದರ ಕಿ.ಮೀ., ನಮ್ಮ ಒಂದು ಹೋಬಳಿಯಷ್ಟೂ ಆಗದು. ಅಷ್ಟರಲ್ಲೂ ತೆಂಗೇ ತೆಂಗು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು ಒಮ್ಮೆ ಟಿಪ್ಪುವಿನ ಕೈಯಲ್ಲಿದ್ದವು. 1799ರ ನಂತರ ಬ್ರಿಟಿಷರ ಪಾಲಾಗಿ, 1956ರ ತನಕ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲೇ ಇದ್ದವು. ತೆಂಗಿನ ನಾರಿನ ಹುರಿ ದೋಣಿಯಲ್ಲಿ ಮಂಗಳೂರಿಗೆ ಬರುತ್ತಿತ್ತು.

ತೆಂಗು ಅಸಲಿಗೆ ಕಡಲತಡಿಯದೇ ಮರ. ನೂರಹತ್ತು ದಿನ ಸಮುದ್ರದಲ್ಲಿ ತೇಲಿದ ಕಾಯಿ ಮೊಳೆತದ್ದು ಹವಾಯಿಯ ಪ್ರಯೋಗವೊಂದರಲ್ಲಿ ದಾಖಲಾಗಿದೆ. ಅದಕ್ಕೆ ಕ್ಲೋರೈಡ್ ಬೇಕು. ದಡದಲ್ಲಿ ಗಾಳಿಯೇ ತಂದು ಕೊಡುತ್ತದೆ, ಒಳನಾಡಿನಲ್ಲಿ ಇಲ್ಲ. ಸಸಿ ಇಡುವಾಗ ಗುಂಡಿಗೆ ಉಪ್ಪು ಹಾಕುತ್ತಿದ್ದ ನಮ್ಮಜ್ಜನಿಗೆ ಕ್ಲೋರೈಡ್ ಗೊತ್ತಿರಲಿಲ್ಲ, ಮರ ಗೊತ್ತಿತ್ತು.

ಹದಿನೈದು ದಿನಕ್ಕೊಮ್ಮೆ ತೊಟ್ಟಿಯಿಂದ ಇಪ್ಪತ್ತು ಲೀಟರ್ ತೆಗೆದು ಹೊಸ ನೀರು ಸೇರಿಸಬೇಕು. ತೆಗೆದ ನೀರಿನಲ್ಲಿ 700 ಗ್ರಾಂ ಉಪ್ಪು, ಜೊತೆಗೆ ಗೊಬ್ಬರದಂಥ ನೈಟ್ರೇಟ್. ಮಗ ಬಚ್ಚಲಿಗೆ ಚೆಲ್ಲಲು ಹೋದಾಗ ತಮ್ಮ ತಡೆದು ಬಕೆಟ್ ಕಿತ್ತುಕೊಂಡ. ಒಂದೇ ಬುಡಕ್ಕೆ ಸುರಿದರೆ ವರ್ಷಕ್ಕೆ ಹದಿನೇಳು ಕಿಲೊ ಉಪ್ಪಾಗಿ ನೆಲ ಕೆಡುತ್ತದೆ, ಅದು ಅವನಿಗೂ ಗೊತ್ತು. ಐದೆಕರೆಗೆ ಇನ್ನೂರ ನಲವತ್ತು ಮರ ಇವೆ. ಸಲಕ್ಕೊಂದು ಮರದ ಪಾತಿಗೆ ಸುತ್ತ ಹರಡಿ ಹುಯ್ದು, ಬಕೆಟ್ ತೊಳೆದು, ಆ ಮರದ ಬೊಡ್ಡೆಗೆ ಸುಣ್ಣದ ಬೊಟ್ಟು ಇಡುತ್ತಾನೆ. ಮೊನ್ನೆ ಹೋದಾಗ ಎಣಿಸಿದೆ, ಒಂಬತ್ತು ಬೊಟ್ಟು ಆಗಿತ್ತು. ಸರದಿ ಕಡೆಯ ಮರಕ್ಕೆ ಬರಲು ಇನ್ನೂ ಒಂಬತ್ತು ವರ್ಷ ಚಿಲ್ಲರೆ ಬೇಕು.