ದೋಣಿಗೆ ತಕ್ಕ ಪ್ರೊಪೆಲರು

ಮಲ್ಪೆಯ ಬಂದರಿನಲ್ಲಾಗಲಿ ಕಾಪುವಿನ ಮರಳದಂಡೆಯಲ್ಲಾಗಲಿ ನಾಡದೋಣಿಗಳ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ನುಗಳನ್ನು ಬಿಗಿದಿರುವುದನ್ನು ನಾವು ಕಾಣುತ್ತೇವೆ. ಎಂಜಿನ್ನಿನ ಕೆಳತುದಿಯಲ್ಲಿ ಎಸಳುಗಳುಳ್ಳ ಲೋಹದ ಚಕ್ರವಿದೆ. ಅದೇ ಪ್ರೊಪೆಲರು, ಮೀನುಗಾರರ ಮಾತಿನಲ್ಲಿ ‘ಫ್ಯಾನು’. ಒಂದೇ ಬಗೆಯ ಎಂಜಿನ್ನುಳ್ಳ ಎರಡು ದೋಣಿಗಳಲ್ಲಿ ಒಂದು ಬಲೆ, ಜನ, ಮೀನುಗಳ ಭಾರವನ್ನು ಹೊತ್ತು ಸರಾಗವಾಗಿ ಅಳಿವೆಯನ್ನು ದಾಟಿಬರಬಹುದು. ಇನ್ನೊಂದು ಹೊಗೆಯುಗುಳುತ್ತ ತಿಣುಕಬಹುದು. ದೋಷವು ಅನೇಕ ವೇಳೆ ಎಂಜಿನ್ನಿನದಲ್ಲ, ಫ್ಯಾನಿನ ಆಯ್ಕೆಯದು.

ಪ್ರೊಪೆಲರಿನ ಮೇಲೆ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. 9 × 8 ಎಂದಿದ್ದರೆ ಮೊದಲನೆಯದು ಅಂಗುಲಗಳಲ್ಲಿ ಅದರ ವ್ಯಾಸ, ಎರಡನೆಯದು ಪಿಚ್ಚು. ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜನ್ನು ಬಳಸಿದವರಿಗೆ ಪಿಚ್ಚು ಹೊಸದಲ್ಲ: ಒಂದು ಸುತ್ತಿಗೆ ತಿರುಪು ಮುಂದುವರಿಯುವ ದೂರವೇ ಪಿಚ್ಚು. ಎಂಜಿನ್ನು ನಿಮಿಷಕ್ಕೆ 4,800 ಸುತ್ತು ತಿರುಗುವುದೆಂದೂ ಗೇರು ಅದನ್ನು ಅರ್ಧಕ್ಕಿಳಿಸುವುದೆಂದೂ ಭಾವಿಸೋಣ. ಆಗ ಪ್ರೊಪೆಲರಿಗೆ 2,400 ಸುತ್ತು. 8 ಅಂಗುಲವೆಂದರೆ ಸುಮಾರು 20 ಸೆಂಟಿಮೀಟರು. ಆದುದರಿಂದ ದೋಣಿ ನಿಮಿಷಕ್ಕೆ 480 ಮೀಟರು, ಎಂದರೆ ಗಂಟೆಗೆ 28.8 ಕಿಲೋಮೀಟರು ಸಾಗಬೇಕು. ಆದರೆ ನೀರು ಗಟ್ಟಿಯಾದ ನಟ್ಟಲ್ಲ. ದೋಣಿಯ ನಿಜವಾದ ವೇಗ 21.6 ಕಿಲೋಮೀಟರಾದರೆ, ನೂರಕ್ಕೆ 25 ಭಾಗ ಜಾರಿಕೆಯಾಯಿತೆನ್ನುತ್ತೇವೆ.

ಜಾರಿಕೆ ಸಂಪೂರ್ಣವಾಗಿ ಇಲ್ಲವಾಗಲಾರದು. ನ್ಯೂಟನ್ನನ ಮೂರನೆಯ ನಿಯಮದಂತೆ, ನೀರನ್ನು ಹಿಂದಕ್ಕೆ ತಳ್ಳಿದರೆ ಮಾತ್ರ ದೋಣಿಗೆ ಮುನ್ನೂಕು ಬಲ ದೊರೆಯುವುದು. ಸೆಕೆಂಡಿಗೆ 100 ಕಿಲೋಗ್ರಾಂ ನಿಂತ ನೀರಿಗೆ 2 ಮೀಟರಿನ ವೇಗವನ್ನು ಕೊಟ್ಟರೆ ಬಲ 200 ನ್ಯೂಟನ್. 50 ಕಿಲೋಗ್ರಾಮಿಗೆ 4 ಮೀಟರಿನ ವೇಗವನ್ನು ಕೊಟ್ಟರೂ ಅಷ್ಟೇ. ಆದರೆ ನೀರಿಗೆ ಹೋಗುವ ಚಲನಶಕ್ತಿ ಮೊದಲನೆಯದರಲ್ಲಿ ಸೆಕೆಂಡಿಗೆ 200 ಜೂಲ್, ಎರಡನೆಯದರಲ್ಲಿ 400! ಬಹಳ ನೀರನ್ನು ಮೆಲ್ಲಗೆ ತಳ್ಳುವುದೇ ಮಿತವ್ಯಯದ ದಾರಿ. ಆದುದರಿಂದಲೇ ಭಾರದ ದೋಣಿಗೆ ವ್ಯಾಸ ಹೆಚ್ಚಾಗಿಯೂ ಪಿಚ್ಚು ಕಡಿಮೆಯಾಗಿಯೂ ಇರುವ ಪ್ರೊಪೆಲರು ಒಪ್ಪುತ್ತದೆ.

ಪಿಚ್ಚನ್ನು ಸೈಕಲ್ಲಿನ ಗೇರಿಗೆ ಹೋಲಿಸಬಹುದು. ಉಡುಪಿಯಿಂದ ಮಣಿಪಾಲದ ಗುಡ್ಡವನ್ನೇರುವ ಸವಾರನು ಹಗುರವಾದ ಗೇರನ್ನೇ ಆರಿಸಿಕೊಳ್ಳುತ್ತಾನೆ. ಭಾರದ ಗೇರಿನಲ್ಲಿ ಕಾಲುಗಳು ಸೋಲುವಂತೆ, ಅತಿಯಾದ ಪಿಚ್ಚಿನಿಂದ ಎಂಜಿನ್ನು ತನ್ನ ಪೂರ್ಣ ವೇಗವನ್ನು ಮುಟ್ಟಲಾರದೆ ಕಾಯುತ್ತದೆ, ಮಸಿ ಹಿಡಿಯುತ್ತದೆ, ಇಂಧನವನ್ನು ಪೋಲುಮಾಡುತ್ತದೆ. ಪಿಚ್ಚು ತೀರ ಕಡಿಮೆಯಾದರೆ ಎಂಜಿನ್ನು ಮಿತಿಮೀರಿ ತಿರುಗಿ ಸವೆಯುತ್ತದೆ.

ಹಾಗಾದರೆ ಸರಿಯಾದುದನ್ನು ಗುರುತಿಸುವುದು ಹೇಗೆ? ಥ್ರಾಟಲನ್ನು ಪೂರ್ತಿ ತೆರೆದಾಗ ಎಂಜಿನ್ನು ಎಷ್ಟು ಸುತ್ತು ತಿರುಗಬೇಕೆಂಬುದು ಅದರ ಕೈಪಿಡಿಯಲ್ಲಿದೆ. ಅದು 4,500ರಿಂದ 5,500 ಎಂದಿಟ್ಟುಕೊಳ್ಳೋಣ. ದೋಣಿಯಲ್ಲಿ ನಿತ್ಯದ ಭಾರವನ್ನಿರಿಸಿ, ಶಾಂತವಾದ ನೀರಿನಲ್ಲಿ ಓಡಿಸಿ, ಟ್ಯಾಕೋಮೀಟರಿನಿಂದ ಅಳೆಯಬೇಕು. ಪಿಚ್ಚಿನ ಒಂದು ಅಂಗುಲದ ವ್ಯತ್ಯಾಸಕ್ಕೆ ಸುಮಾರು 150ರಿಂದ 200 ಸುತ್ತುಗಳು ಬದಲಾಗುತ್ತವೆ. 4,300 ಮಾತ್ರ ಬಂದರೆ, ಎರಡು ಅಂಗುಲ ಕಡಿಮೆ ಪಿಚ್ಚಿನದನ್ನು ಹಾಕಿದಾಗ ಸುಮಾರು 4,600ರಿಂದ 4,700 ದೊರೆಯುವುದು. ಬರಿದಾದ ದೋಣಿಯಲ್ಲಿ ಪರೀಕ್ಷಿಸಿದರೆ ಮೋಸಹೋಗುತ್ತೇವೆ. ಮೀನು ತುಂಬಿದಾಗ ಅದೇ ಪ್ರೊಪೆಲರು ಎಂಜಿನ್ನಿಗೆ ಹೊರೆಯಾಗುವುದು.

ಸುತ್ತುಗಳು ಒಮ್ಮೆಲೆ ಏರಿ ನೂಕುಬಲ ಕುಸಿದರೆ ಪಿಚ್ಚನ್ನು ದೂರುವ ಮುನ್ನ ಎಂಜಿನ್ನಿನ ಎತ್ತರವನ್ನು ನೋಡಬೇಕು. ಅದು ಬಹಳ ಮೇಲಿದ್ದರೆ ಎಸಳುಗಳು ನೀರಿನೊಡನೆ ಗಾಳಿಯನ್ನೂ ಎಳೆದುಕೊಳ್ಳುತ್ತವೆ. ಎಸಳುಗಳ ಅಂಚೂ ನೆಟ್ಟಗಿರಬೇಕು. ಕಾರ್ಕಳದ ಕಡೆಯಿಂದ ಬರುವ ಸ್ವರ್ಣಾ ನದಿಯು ಸೀತಾನದಿಯೊಡನೆ ಕಡಲನ್ನು ಸೇರುವ ಕೋಡಿ ಬೆಂಗ್ರೆಯಂತಹ ಅಳಿವೆಗಳಲ್ಲಿ ಮರಳದಿಬ್ಬಗಳಿಗೆ ತಾಗಿ ಎಸಳು ಡೊಂಕಾಗಬಹುದು. ಡೊಂಕಾದುದು ಅದುರಿ, ಬೇರಿಂಗುಗಳನ್ನೂ ಕೆಡಿಸುತ್ತದೆ.

ಅಳಿವೆಯ ಅಲೆಗಳ ನಡುವೆ ಎಂಜಿನ್ನು ಸೋತರೆ ದೋಣಿ ಅಡ್ಡತಿರುಗಿ ಮಗುಚಬಹುದು. ಆದುದರಿಂದ ಪ್ರೊಪೆಲರಿನ ಆಯ್ಕೆ ಇಂಧನದ ಲೆಕ್ಕ ಮಾತ್ರವಲ್ಲ, ಜೀವದ ಲೆಕ್ಕವೂ ಹೌದು. ಅಶ್ವಶಕ್ತಿ ಎಷ್ಟೆಂದು ಕೇಳುವವರು, ಆ ಶಕ್ತಿಯನ್ನು ನೀರಿಗೆ ಒಪ್ಪಿಸುವ ಎಸಳುಗಳನ್ನೂ ಅಳೆದು ನೋಡಬೇಕು.