ತಿಪ್ಪೆಯೂ ಯೂರಿಯಾ ಚೀಲವೂ

ಚನ್ನರಾಯನದುರ್ಗದ ಸುತ್ತಣ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯ ಬಹುಪಾಲು ಹೊಲಗಳು ಮರಳು ಬೆರೆತ ಕೆಂಪುಮಣ್ಣಿನವಾಗಿದ್ದು, ಕೊಳೆತ ಸಸ್ಯ ಮತ್ತು ಸಗಣಿಯಿಂದ ನೆಲಕ್ಕೆ ಸೇರುವ ಸಾವಯವ ಇಂಗಾಲ ಅಲ್ಲಿ ಕಡಿಮೆಯಾದ್ದರಿಂದ, ನೀರಾಗಲಿ ಪೋಷಕಾಂಶವಾಗಲಿ ಹೆಚ್ಚು ಕಾಲ ನಿಲ್ಲದು. ಸೀಮೆಗೊಬ್ಬರ ಬರುವ ಮುನ್ನ ಈ ಕೊರತೆಯನ್ನು ತಿಪ್ಪೆಗೊಬ್ಬರವಷ್ಟೇ ಅಲ್ಲ, ಬತ್ತಿದ ಕೆರೆಯಿಂದ ಗಾಡಿಯಲ್ಲಿ ಹೊಡೆದ ಗೋಡು, ಗದ್ದೆಗೆ ತುಳಿದ ಹೊಂಗೆಸೊಪ್ಪು, ರಾತ್ರಿ ಹೊಲದಲ್ಲಿ ತರುಬಿದ ಕುರಿಮಂದೆಯ ಹಿಕ್ಕೆ ಎಲ್ಲವೂ ಸೇರಿ ತುಂಬುತ್ತಿದ್ದವು.

1970ರ ದಶಕದಲ್ಲಿ ರಾಗಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ರೂಪಿಸಿದ, ಗೊಬ್ಬರಕ್ಕೆ ಚೆನ್ನಾಗಿ ಸ್ಪಂದಿಸುವ ಇಂಡಾಫ್ ತಳಿಗಳು ಬಂದವು. 1976ರಲ್ಲಿ ಮಂಗಳೂರಿನ ಕಾರ್ಖಾನೆ ಯೂರಿಯಾ ತಯಾರಿಸತೊಡಗಿತು. ಚೀಲವಿದ್ದ ಮೇಲೆ ತಿಪ್ಪೆಯೇಕೆ ಎಂಬ ಪ್ರಶ್ನೆಗೆ ಒಂದೆರಡು ಬೆಳೆಗಳಲ್ಲಿ ಉತ್ತರ ಸಿಗುವಂತಿರಲಿಲ್ಲ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಇಂಥದೇ ಕೆಂಪುಮಣ್ಣಿನಲ್ಲಿ, ಮಳೆಯಾಶ್ರಿತ ರಾಗಿಯ ಮೇಲೆ 1978ರಲ್ಲಿ ಆರಂಭವಾದ ದೀರ್ಘಾವಧಿ ಪ್ರಯೋಗದ ಬೆಲೆಯಿರುವುದು ವರ್ಷಗಟ್ಟಲೆ ಕಾಯುವ ತಾಳ್ಮೆಯಲ್ಲಿಯೇ. ಏನೂ ಹಾಕದ ತಾಕು, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಮಾತ್ರ ಉಂಡ ತಾಕು, ಪೂರ್ಣ ಪ್ರಮಾಣದ ಸಾರಜನಕ-ರಂಜಕ-ಪೊಟ್ಯಾಷ್ ಮಾತ್ರ ಪಡೆದ ತಾಕು, ಎರಡನ್ನೂ ಕೂಡಿಸಿದ ತಾಕುಗಳನ್ನು ವರ್ಷವರ್ಷವೂ ಹೋಲಿಸಿದಾಗ, ರಾಸಾಯನಿಕವೊಂದನ್ನೇ ನೆಚ್ಚಿದಲ್ಲಿ ಇಳುವರಿ ಕ್ರಮೇಣ ಕುಸಿದರೆ, ಕೂಡಿಸಿದಲ್ಲಿ ಅದು ಎಲ್ಲಕ್ಕಿಂತ ಹೆಚ್ಚಾಗಿಯೂ ಸ್ಥಿರವಾಗಿಯೂ ಉಳಿಯಿತು.

ಇದರ ಹಿಂದಿನ ಲೆಕ್ಕ ಸರಳವಾದದ್ದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸಿನಲ್ಲಿರುವುದರಿಂದ 10 ಟನ್‌ನಲ್ಲಿ ಸುಮಾರು 50 ಕಿಲೋ ಸಾರಜನಕ ಇರುತ್ತದಾದರೂ, ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಬಿಡಿಸಿಕೊಡುವ ಕಾರಣ ಮೊದಲ ಬೆಳೆಗೆ ದಕ್ಕುವುದು ಅದರ ಒಂದು ಪಾಲಷ್ಟೇ. ಶೇ 46ರಷ್ಟು ಸಾರಜನಕವಿರುವ ಯೂರಿಯಾ ಕೂಡಲೇ ಕರಗಿ ಸಿಗುತ್ತದೆ, ಆದರೆ ಒಂದು ಜಡಿಮಳೆ ಸಾಕು, ಬೇರಿನಾಳದಿಂದ ಕೆಳಗಿಳಿದುಬಿಡುತ್ತದೆ. ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿದಷ್ಟೂ ತೇವ ನಿಂತು, ಪೊಟ್ಯಾಷಿನಂಥ ಪೋಷಕಗಳು ಕಣಗಳಿಗೆ ಅಂಟಿಕೊಂಡು, ಹಾಕಿದ ಗೊಬ್ಬರದ ಹೆಚ್ಚಿನ ಭಾಗ ಬೆಳೆಗೆ ಸೇರುತ್ತದೆ. ಮೇಲಾಗಿ ಯೂರಿಯಾ ಕೊಡದ ಸತು, ಬೋರಾನ್, ಗಂಧಕಗಳ ಕೊರತೆಯನ್ನು ರಾಜ್ಯದ ಹೊಲಗಳಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಎತ್ತಿ ತೋರಿಸಿದವು; ಪಾವಗಡ, ಶಿರಾ ಕಡೆಯ ಶೇಂಗಾಕ್ಕೆ ಕ್ಯಾಲ್ಸಿಯಂ ಮತ್ತು ಗಂಧಕಕ್ಕಾಗಿ ಜಿಪ್ಸಂ ಬೇಕಾಗುವುದೂ ಇದೇ ಲೆಕ್ಕಕ್ಕೆ ಸೇರಿದ್ದು.

ಎರಡನ್ನೂ ಕೂಡಿಸಿ ಹಾಕಬೇಕೆಂಬ ಶಿಫಾರಸಿನ ತೊಡಕಿರುವುದು ವಿಜ್ಞಾನದಲ್ಲಲ್ಲ, ಕೊಟ್ಟಿಗೆಯಲ್ಲಿ. ಟ್ರ್ಯಾಕ್ಟರ್ ಬಂದು ಉಳುವ ಎತ್ತುಗಳು ಕಡಿಮೆಯಾದ ಮೇಲೆ ಹೆಕ್ಟೇರಿಗೆ 10 ಟನ್ ಗೊಬ್ಬರ ಹೊಂದಿಸುವುದು ಒಣಬೇಸಾಯದ ಸಣ್ಣ ರೈತನಿಗೆ ನಿಲುಕದ ಮಾತಾಗಿದ್ದು, ಸಹಾಯಧನದ ಬಲದಿಂದ ಅಗ್ಗವಾಗಿರುವುದು ಯೂರಿಯಾ ಚೀಲವೇ ಹೊರತು ತಿಪ್ಪೆಗೊಬ್ಬರದ ಲೋಡಲ್ಲ. ಹಿಂದೆ ದವಸಕ್ಕೆ ಕೂರುತ್ತಿದ್ದ ಕುರಿಮಂದೆಗೆ ಈಗ ರಾತ್ರಿಯ ಲೆಕ್ಕದಲ್ಲಿ ರೊಕ್ಕ ಎಣಿಸಬೇಕು.