ಬೆನ್ನು ನೆಟ್ಟಗಾಯಿತು, ನೆಲ ತಿರುಗುತ್ತಿದೆ!

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ದ್ವಿತೀಯ ಪಿ.ಯು.ಸಿ. ಓದುತ್ತಿರುವ ಹದಿನೇಳರ ಹುಡುಗಿ. ಎಂಟನೇ ತರಗತಿಯಲ್ಲಿದ್ದಾಗ ಸಮವಸ್ತ್ರದ ಅಳತೆ ತೆಗೆಯುತ್ತಿದ್ದ ದರ್ಜಿ, ‘ಮಗುವಿನ ಒಂದು ಭುಜ ಮೇಲಿದೆಯಲ್ಲಮ್ಮ’ ಎಂದಿದ್ದ. ಎಕ್ಸ್-ರೇ ತೆಗೆಸಿದಾಗ ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದು ಕಂಡಿತು. ವೈದ್ಯರು ಅದನ್ನು ಸ್ಕೋಲಿಯೋಸಿಸ್ ಎಂದರು. ವರ್ಷ ಕಳೆದಂತೆ ಬಾಗು 50 ಡಿಗ್ರಿ ದಾಟಿತು. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು. ಲೋಹದ ಸರಳು ಮತ್ತು ತಿರುಪುಗಳಿಂದ ಬೆನ್ನನ್ನು ನೆಟ್ಟಗೆ ನಿಲ್ಲಿಸಿದರು. ಮಗಳು ಎರಡು ಬೆರಳಿನಷ್ಟು ಎತ್ತರವಾದಂತೆ ಕಂಡಾಗ ತಾಯಿಯ ಕಣ್ಣಲ್ಲಿ ನೀರು. ದೊಡ್ಡ ಕಂಟಕ ಕಳೆಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

ಮನೆಗೆ ಬಂದ ಮೂರನೆಯ ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಹುಡುಗಿ ಚೀರಿದಳು: ‘ಅಮ್ಮಾ, ಮನೆ ತಿರುಗ್ತಿದೆ!’

ಸೂರು, ಫ್ಯಾನು, ಗೋಡೆಯ ಕ್ಯಾಲೆಂಡರು ಎಲ್ಲವೂ ಬುಗುರಿಯಂತೆ ಸುತ್ತಿದವು. ಅರ್ಧ ನಿಮಿಷದಲ್ಲಿ ನಿಂತವು. ಅಜ್ಜಿ, ‘ಪಿತ್ತ ಕಣೇ, ನಿಂಬೆಹಣ್ಣಿನ ಪಾನಕ ಮಾಡಿಕೊಡು’ ಎಂದರು. ತಂದೆ ಏನೂ ಅನ್ನಲಿಲ್ಲ. ಮಾರನೆಯ ದಿನವೂ ಹೀಗೇ ಆದಾಗ ಮಾತ್ರ, ‘ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು’ ಎಂದು ಗೊಣಗಿದರು. ಬೆನ್ನಿನ ಗಾಯಕ್ಕಿಂತ ಆ ಮಾತು ಹುಡುಗಿಗೆ ಹೆಚ್ಚು ನೋವು ಕೊಟ್ಟಿತು.

ತಲೆಸುತ್ತಿನ ದೊಡ್ಡ ಕಷ್ಟವೇ ಇದು. ಗಾಯ ಕಣ್ಣಿಗೆ ಕಾಣುತ್ತದೆ, ಸರಳು ಎಕ್ಸ್-ರೇಯಲ್ಲಿ ಕಾಣುತ್ತದೆ. ತಿರುಗುವ ನೆಲ ಮಾತ್ರ ಅನುಭವಿಸುವವರಿಗಷ್ಟೇ ಗೊತ್ತು. ಪಕ್ಕದಲ್ಲಿ ಕುಳಿತವರಿಗೆ ಅದು ನೆಪದಂತೆ ತೋರಬಹುದು. ಆದರೆ ಅದು ನೆಪವಲ್ಲ ಎಂಬುದನ್ನು ವೈದ್ಯಶಾಸ್ತ್ರ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ. ಆ ಕಥೆ ವಿಜ್ಞಾನದ ವಿದ್ಯಾರ್ಥಿಗಳು ತಿಳಿಯಬೇಕಾದದ್ದು.

ಕಿವಿಗೆ ಬಿಟ್ಟ ನೀರು

ವಿಯೆನ್ನಾದಲ್ಲಿ ರಾಬರ್ಟ್ ಬರಾನಿ ಎಂಬ ಕಿವಿಯ ವೈದ್ಯನಿದ್ದ. ಹುಟ್ಟಿದ್ದು 1876ರಲ್ಲಿ. ಬಾಲ್ಯದಲ್ಲಿ ಮೂಳೆಯ ಕ್ಷಯ ತಗುಲಿ ಒಂದು ಮಂಡಿ ಶಾಶ್ವತವಾಗಿ ಬಿಗಿದುಹೋಗಿತ್ತು. ಕಿವಿ ತೊಳೆಯಲು ಪಿಚಕಾರಿಯಿಂದ ನೀರು ಬಿಡುವುದು ಅವನ ನಿತ್ಯದ ಕೆಲಸ. ಆಗ ಕೆಲವು ರೋಗಿಗಳಿಗೆ ತಲೆ ತಿರುಗುತ್ತಿತ್ತು. ನೀರು ತಣ್ಣಗಿದ್ದದ್ದೇ ಕಾರಣವೆಂದು ರೋಗಿಯೊಬ್ಬ ದೂರಿದ. ಬಿಸಿ ನೀರು ತರಿಸಿದರೆ, ಈಗ ನೀರು ಅತಿ ಬಿಸಿಯಾಗಿ ಮತ್ತೆ ತಿರುಗುತ್ತಿದೆ ಎಂದ!

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೇನೋ. ಬರಾನಿ ರೋಗಿಯ ಕಣ್ಣುಗಳನ್ನು ನೋಡಿದ. ತಲೆ ತಿರುಗುವಾಗ ಕಣ್ಣುಗುಡ್ಡೆಗಳು ತಾವಾಗಿಯೇ ಒಂದು ದಿಕ್ಕಿಗೆ ಮಿಡಿಯುತ್ತಿದ್ದವು. ತಣ್ಣೀರಿಗೆ ಒಂದು ದಿಕ್ಕು, ಬಿಸಿನೀರಿಗೆ ಅದರ ವಿರುದ್ಧ ದಿಕ್ಕು. ಹಂಡೆಯಲ್ಲಿ ನೀರು ಕಾಯುವಾಗ ಬಿಸಿ ನೀರು ಮೇಲಕ್ಕೂ ತಣ್ಣನೆಯ ನೀರು ಕೆಳಕ್ಕೂ ಸರಿಯುವುದಿಲ್ಲವೇ? ಒಳಕಿವಿಯ ದ್ರವದಲ್ಲೂ ಹಾಗೆಯೇ ಹರಿವು ಉಂಟಾಗುತ್ತದೆ ಎಂದು ಅವನು ತರ್ಕಿಸಿದ. ದೇಹದ ಸಮತೋಲನದ ಅಂಗ ಒಳಕಿವಿಯಲ್ಲಿದೆ ಎಂಬುದನ್ನು ರೋಗಿಯ ಮೇಲೆ ಪರೀಕ್ಷಿಸಿ ನೋಡುವ ದಾರಿ ಸಿಕ್ಕಿತು. ಇದಕ್ಕಾಗಿ ಬರಾನಿಗೆ 1914ನೇ ಸಾಲಿನ ವೈದ್ಯಕೀಯ ನೊಬೆಲ್ ದೊರೆಯಿತು. ಆ ಸುದ್ದಿ ಬಂದಾಗ ಅವನು ಮೊದಲ ಮಹಾಯುದ್ಧದ ಕೈದಿಯಾಗಿ ರಷ್ಯದ ಸೆರೆಶಿಬಿರದಲ್ಲಿದ್ದ! ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್ ಪರವಾಗಿ ಮಧ್ಯಸ್ಥಿಕೆ ವಹಿಸಿ, 1916ರಲ್ಲಿ ಬಿಡುಗಡೆಯಾಯಿತು.

ತಲೆಸುತ್ತಿಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು ಹೀಗೆ. ಇಂದಿಗೂ ಅನುಭವಿ ವೈದ್ಯರು ‘ತಲೆ ತಿರುಗುತ್ತದೆ’ ಎಂದವರ ಕಣ್ಣಿನ ಚಲನೆಯನ್ನು ಗಮನವಿಟ್ಟು ನೋಡುತ್ತಾರೆ.

ಮೂವರ ಸಾಕ್ಷ್ಯ

ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯಿಂದ ಮಿದುಳಿಗೆ ಬರುವ ಸುದ್ದಿಯಿಂದ. ಮೊದಲನೆಯದು ಕಣ್ಣು. ಎರಡನೆಯದು ಒಳಕಿವಿ. ಅಲ್ಲಿ ಪರಸ್ಪರ ಲಂಬವಾಗಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದರೆ ಅವುಗಳೊಳಗಿನ ದ್ರವ ಹಿಂದುಳಿಯುತ್ತದೆ, ಆ ವ್ಯತ್ಯಾಸವನ್ನು ನರಗಳು ಮಿದುಳಿಗೆ ತಿಳಿಸುತ್ತವೆ. ಮಕ್ಕಳು ಕೈಕೈ ಹಿಡಿದು ಗರಗರ ತಿರುಗಿ ಥಟ್ಟನೆ ನಿಂತಾಗ ಭೂಮಿಯೇ ತಿರುಗಿದಂತಾಗುವುದು, ದೇಹ ನಿಂತರೂ ಆ ದ್ರವ ತಕ್ಷಣ ನಿಲ್ಲದ್ದರಿಂದ. ಮೂರನೆಯದು ಪಾದ, ಮಂಡಿ, ಸೊಂಟ, ಬೆನ್ನು, ಕುತ್ತಿಗೆಗಳ ಸ್ನಾಯು ಮತ್ತು ಕೀಲುಗಳು.

ಈ ಮೂವರ ಸಾಕ್ಷ್ಯ ಒಂದೇ ಆಗಿದ್ದರೆ ಮಿದುಳಿಗೆ ಸಮಾಧಾನ. ಒಂದಕ್ಕೊಂದು ತಾಳೆಯಾಗದಿದ್ದರೆ ಗೊಂದಲ. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಮೂರನೆಯ ಸಾಕ್ಷಿಯ ಮಾತೇ ಬದಲಾಗಿರುತ್ತದೆ. ವರ್ಷಗಟ್ಟಲೆ ಬಾಗಿದ್ದ ಬೆನ್ನನ್ನೇ ‘ನೇರ’ ಎಂದು ಒಪ್ಪಿಕೊಂಡಿದ್ದ ಮಿದುಳಿಗೆ, ನಿಜವಾಗಿ ನೇರವಾದ ಬೆನ್ನು ವಾಲಿದಂತೆ ತೋರಬಹುದು. ಹೊಸ ಲೆಕ್ಕ ಕಲಿಯಲು ಅದಕ್ಕೆ ವಾರಗಳೇ ಬೇಕಾಗಬಹುದು.

ಎಲ್ಲ ಸುತ್ತೂ ಒಂದಲ್ಲ

ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮಾತುಗಳಿವೆ! ತಲೆ ತಿರುಗಿತು, ಬವಳಿ ಬಂತು, ಕಣ್ಣು ಕತ್ತಲೆಗಟ್ಟಿತು, ತೇಲಿದಂತಾಯಿತು, ಕಾಲು ತಡವರಿಸಿತು. ವೈದ್ಯರ ಮುಂದೆ ಇವನ್ನೆಲ್ಲ ‘ಗಿಡ್ಡಿನೆಸ್’ ಎಂಬ ಒಂದೇ ಇಂಗ್ಲಿಷ್ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಹಾಗೆ ಮಾಡದೆ ಆದದ್ದನ್ನು ಆದಂತೆಯೇ ಹೇಳುವುದು ಒಳ್ಳೆಯದು.

ಮಲಗಿದ್ದವರು ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ, ರಕ್ತದ ಒತ್ತಡ ಒಮ್ಮೆಲೇ ಇಳಿದಿರುವ ಸಂಭವ ಹೆಚ್ಚು. ದಿನಗಟ್ಟಲೆ ಮಲಗಿದ್ದು, ನೀರು ಕಡಿಮೆ ಕುಡಿದದ್ದು, ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದದ್ದು ಇದಕ್ಕೆ ಕಾರಣವಾಗಬಹುದು. ಹರೆಯದವರಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ದಿನವಿಡೀ ಮಂಪರು, ತೇಲಿದಂತಾಗುವುದು ಇದ್ದರೆ ಮಾತ್ರೆಗಳ ಪಟ್ಟಿ ನೋಡಬೇಕು. ಬಲವಾದ ನೋವುನಿವಾರಕಗಳು, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂತಹ ಔಷಧಗಳು ತಲೆ ತಿರುಗಿಸಬಲ್ಲವು. ಹಾಗೆಂದು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಸಲ್ಲ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ಮಗ್ಗುಲಾದಾಗ, ಮಲಗುವಾಗ, ತಲೆ ಮೇಲೆತ್ತಿದಾಗ ಮಾತ್ರ ಕೋಣೆ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಕಥೆಯೇ ಬೇರೆ. ಒಳಕಿವಿಯ ಒಂದು ಚೀಲದಲ್ಲಿ ಸೂಕ್ಷ್ಮ ಹರಳುಗಳಿವೆ. ಸುಣ್ಣದಕಲ್ಲಿನಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್! ಅವು ಜಾಗ ಬಿಟ್ಟು ಅರ್ಧವೃತ್ತ ನಾಳಕ್ಕೆ ಜಾರಿದರೆ, ತಲೆ ಅಲುಗಿದಾಗಲೆಲ್ಲ ಉರುಳಿ ದ್ರವವನ್ನು ಕಲಕುತ್ತವೆ. ತಲೆಗೆ ಪೆಟ್ಟು ಬಿದ್ದವರಲ್ಲಿ, ಬಹಳ ದಿನ ಹಾಸಿಗೆ ಹಿಡಿದವರಲ್ಲಿ ಇದು ಕಾಣಿಸಿಕೊಳ್ಳುವುದುಂಟು. ನಡುವಯಸ್ಸು ದಾಟಿದವರಲ್ಲಿ ಹೆಚ್ಚು, ಹರೆಯದಲ್ಲಿ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನಮ್ಮ ಕಲ್ಪನೆಯ ಹುಡುಗಿಗೆ ಆದದ್ದು ಇದೇ.

ಹರಳನ್ನು ಮನೆಗೆ ಮರಳಿಸುವುದು

ಇದನ್ನು ಪತ್ತೆಹಚ್ಚುವ ಪರೀಕ್ಷೆಯನ್ನು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದರು. ಗುಣಪಡಿಸುವ ಸುಲಭ ವಿಧಾನ ಬಂದದ್ದು ಅಮೆರಿಕದ ವೈದ್ಯ ಜಾನ್ ಎಪ್ಲಿಯಿಂದ. ಔಷಧವಿಲ್ಲ, ಕತ್ತರಿಯಿಲ್ಲ. ರೋಗಿಯ ತಲೆಯನ್ನು ಕ್ರಮವಾಗಿ ಕೆಲವು ಭಂಗಿಗಳಲ್ಲಿ ತಿರುಗಿಸಿ, ಹರಳುಗಳು ಉರುಳುತ್ತಾ ಮೊದಲಿನ ಚೀಲಕ್ಕೇ ಮರಳುವಂತೆ ಮಾಡುವುದು, ಅಷ್ಟೆ. ಮೊದಮೊದಲು ಸಹೋದ್ಯೋಗಿಗಳೇ ನಂಬಲಿಲ್ಲ. 1992ರಲ್ಲಿ ಪ್ರಬಂಧ ಪ್ರಕಟವಾಯಿತು. ಇಂದು ಅದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಆದರೆ ಇಲ್ಲೊಂದು ಎಚ್ಚರಿಕೆ. ಈ ವಿಧಾನದಲ್ಲಿ ರೋಗಿಯನ್ನು ಬೇಗನೆ ಮಲಗಿಸಿ, ಕುತ್ತಿಗೆಯನ್ನು ಹಿಂದಕ್ಕೆ ಇಳಿಬಿಟ್ಟು ತಿರುಗಿಸಬೇಕು. ಬೆನ್ನಿನ ಅಥವಾ ಕುತ್ತಿಗೆಯ ಮೂಳೆಗೆ ಹೊಸದಾಗಿ ತಿರುಪು ಹಾಕಿಸಿಕೊಂಡವರಿಗೆ ಹೀಗೆ ಬಾಗುವುದು, ತಿರುಚುವುದು ನಿಷಿದ್ಧ. ಮೂಳೆಗಳು ಬೆಸೆದುಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಮೊಬೈಲಿನಲ್ಲಿ ವಿಡಿಯೊ ನೋಡಿ ಮನೆಯಲ್ಲೇ ಪ್ರಯತ್ನಿಸುವುದು ಅಪಾಯ. ಬೆನ್ನಿನ ಶಸ್ತ್ರವೈದ್ಯರು ಮತ್ತು ಕಿವಿ-ಮೂಗು-ಗಂಟಲು ತಜ್ಞರು ಪರಸ್ಪರ ಮಾತಾಡಿಕೊಳ್ಳಬೇಕು. ಕುತ್ತಿಗೆ ತಿರುಚದೆ ಇಡೀ ದೇಹವನ್ನೇ ಒಟ್ಟಾಗಿ ವಾಲಿಸಿ ಮಾಡುವ ದಾರಿಗಳೂ ಇವೆ. ಕೆಲವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುವುದೂ ಉಂಟು.

ಮನೆಯಲ್ಲಿ ಮಾಡಬಹುದಾದದ್ದು

ಹಾಸಿಗೆಯಿಂದ ಏಳುವುದನ್ನೇ ಮೊದಲು ಕಲಿಯಬೇಕು. ಮರದ ದಿಮ್ಮಿ ಉರುಳುವಂತೆ ಭುಜ, ಸೊಂಟ, ಮಂಡಿಗಳು ಒಟ್ಟಿಗೇ ಪಕ್ಕಕ್ಕೆ ಹೊರಳಬೇಕು. ಕಾಲುಗಳನ್ನು ಮಂಚದಿಂದ ಇಳಿಬಿಡುತ್ತಾ ಕೈಯೂರಿ ಏಳಬೇಕು. ಕುಳಿತಲ್ಲೇ ಎರಡು ಮೂರು ನಿಮಿಷ ಪಾದಗಳನ್ನು ಮೇಲೆ ಕೆಳಗೆ ಆಡಿಸಿ, ಎದುರಿನ ಒಂದೇ ವಸ್ತುವಿನ ಮೇಲೆ ದೃಷ್ಟಿ ನಿಲ್ಲಿಸಿ, ಆಮೇಲೆ ನಿಲ್ಲಬೇಕು. ಸುತ್ತು ಬಂದರೆ ನಾಚಿಕೆಪಡದೆ ಇದ್ದಲ್ಲೇ ಕೂರಬೇಕು.

ಬೀಳುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಬಚ್ಚಲಿನ ನೆಲ ಒಣಗಿರಲಿ, ಸ್ನಾನಕ್ಕೆ ಕುರ್ಚಿ ಇರಲಿ, ಬಾಗಿಲಿಗೆ ಒಳಗಿನಿಂದ ಅಗುಳಿ ಬೇಡ. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತಂದಿಡಬೇಕು. ರಾತ್ರಿ ಮಂದ ದೀಪ ಉರಿಯಲಿ. ಕತ್ತಲಲ್ಲಿ ಕಣ್ಣಿನ ಸಾಕ್ಷಿಯೂ ಇಲ್ಲವಾಗುತ್ತದೆ. ಬಿದ್ದ ಪೆನ್ನು ಎತ್ತಿಕೊಡಲು ಯಾರಾದರೂ ಹತ್ತಿರವಿರಲಿ. ಸ್ಕೂಟರಿನ ಹಿಂಬದಿ ಸವಾರಿ ವೈದ್ಯರು ಒಪ್ಪುವ ತನಕ ಬೇಡ.

ಹಾಗೆಂದು ಮಗುವನ್ನು ಮಂಚಕ್ಕೆ ಕಟ್ಟಿಹಾಕುವುದೂ ತಪ್ಪು. 1940ರ ದಶಕದಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು, ಒಳಕಿವಿಗೆ ಪೆಟ್ಟಾದವರು ಸುಮ್ಮನೆ ಮಲಗುವುದಕ್ಕಿಂತ ಕ್ರಮವಾಗಿ ಕಣ್ಣು, ತಲೆ, ದೇಹಗಳನ್ನು ಆಡಿಸಿದರೆ ಬೇಗ ಚೇತರಿಸಿಕೊಳ್ಳುತ್ತಾರೆಂದು ಕಂಡುಕೊಂಡು ವ್ಯಾಯಾಮಗಳನ್ನು ರೂಪಿಸಿದರು. ಮಿದುಳು ಕಲಿಯುವುದು ಅಭ್ಯಾಸದಿಂದ, ನಾವು ಮಗ್ಗಿ ಕಲಿತಂತೆ. ತಲೆಸುತ್ತು ಅಡಗಿಸುವ ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಈ ಕಲಿಕೆಯೇ ನಿಧಾನವಾಗುತ್ತದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಷ್ಟನ್ನು, ಬೆನ್ನಿಗೆ ಒಪ್ಪುವಷ್ಟನ್ನು ದಿನವೂ ಮಾಡಿದರೆ ಸಾಕು. ಮೊದಲು ಕೋಣೆಯೊಳಗೆ, ಆಮೇಲೆ ಜಗಲಿಯ ತನಕ, ಆಮೇಲೆ ಬೀದಿಯ ತಿರುವಿನ ತನಕ ನಡಿಗೆ.

ಕೆಲವು ಲಕ್ಷಣಗಳು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನ ಬಲ ಕುಂದುವುದು, ಕಿವಿ ಒಮ್ಮೆಲೇ ಕೇಳಿಸದಿರುವುದು, ಬಿಡದೆ ಸುತ್ತುವುದು, ಪ್ರಜ್ಞೆ ತಪ್ಪುವುದು, ಜ್ವರ, ಉಸಿರಾಟದ ತೊಂದರೆ, ಮಲಮೂತ್ರದ ಮೇಲೆ ಹಿಡಿತ ತಪ್ಪುವುದು. ಎದ್ದು ಕೂತರೆ ಸಿಡಿಯುವ ತಲೆನೋವು ಮಲಗಿದೊಡನೆ ಇಳಿದರೆ, ಅಥವಾ ಗಾಯದಿಂದ ನೀರಿನಂತಹ ದ್ರವ ಒಸರಿದರೆ, ಬೆನ್ನುಹುರಿಯ ಸುತ್ತಲಿನ ದ್ರವ ಸೋರುತ್ತಿರಬಹುದು. ಇದನ್ನು ಪಿತ್ತವೆಂದು ಕೂರುವಂತಿಲ್ಲ.

ಪುಸ್ತಕದ ಸಾಲು ತೇಲಿದಾಗ

ವಿದ್ಯಾರ್ಥಿಗಳ ಚಿಂತೆಯೆಲ್ಲ ಪಾಠದ ಮೇಲೆ. ತಲೆ ತಗ್ಗಿಸಿ ಓದಿದರೆ ಅಕ್ಷರಗಳು ತೇಲುತ್ತವೆ. ಪುಸ್ತಕವನ್ನು ಓರೆಹಲಗೆಯ ಮೇಲೆ ಕಣ್ಣಿನ ಮಟ್ಟಕ್ಕಿಟ್ಟು, ಹದಿನೈದು ನಿಮಿಷ ಓದಿ, ಐದು ನಿಮಿಷ ಕಿಟಕಿಯಾಚೆ ದೂರ ನೋಡುವುದು ಉಪಯುಕ್ತ. ಓದಲಾಗದ ದಿನ ಗೆಳತಿ ಪಾಠ ಓದಿ ಹೇಳಬಹುದು. ಕಾಲೇಜಿನ ಪ್ರಾಂಶುಪಾಲರನ್ನು ವೈದ್ಯರ ಪ್ರಮಾಣಪತ್ರದೊಂದಿಗೆ ಮೊದಲೇ ಕಂಡರೆ, ನೆಲಮಹಡಿಯಲ್ಲಿ ಕೂರುವ ವ್ಯವಸ್ಥೆ, ನಡುನಡುವೆ ಎದ್ದು ನಿಲ್ಲುವ ಅನುಮತಿ, ಹಾಜರಾತಿಯ ಪ್ರಶ್ನೆ ಮುಂತಾದವನ್ನು ಗಡಿಬಿಡಿಯಿಲ್ಲದೆ ಬಗೆಹರಿಸಬಹುದು. ಒಂದು ಪರೀಕ್ಷೆ ಮುಂದೆ ಹೋದರೆ ಬದುಕು ಮುಳುಗುವುದಿಲ್ಲ. ಬಿದ್ದು ಬೆನ್ನಿನ ತಿರುಪು ಸಡಿಲಗೊಂಡರೆ ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು.

ನಮ್ಮ ಹುಡುಗಿಯ ಮನೆಗೆ ಮರಳೋಣ. ಮರುತಪಾಸಣೆಯ ದಿನ ವೈದ್ಯರು, ಅವಳ ಬೆನ್ನನ್ನು ಇಬ್ಬರು ಆಧರಿಸಿ ಹಿಡಿದಿರಲು, ನಿಧಾನವಾಗಿ ಮಗ್ಗುಲು ಮಲಗಿಸುತ್ತಾರೆ. ‘ಇಲ್ಲಿ ಬನ್ನಿ, ಮಗಳ ಕಣ್ಣು ನೋಡಿ’ ಎಂದು ತಂದೆಯನ್ನು ಕರೆಯುತ್ತಾರೆ. ಕಣ್ಣುಗುಡ್ಡೆಗಳು ತಾವಾಗಿಯೇ ಮಿಡಿಯುತ್ತಿವೆ. ಯಾರೂ ಬೇಕೆಂದು ಹಾಗೆ ಮಿಡಿಸಲಾರರು. ತಂದೆ ಮಾತಾಡದೆ ಮಗಳ ತಲೆಯ ಮೇಲೆ ಕೈಯಿಡುತ್ತಾರೆ.

ಅಂದಿನಿಂದ ಆ ಮನೆಯಲ್ಲಿ ಕೇಳುವ ಪ್ರಶ್ನೆ ಬದಲಾಗುತ್ತದೆ. ‘ನಿಜವಾಗ್ಲೂ ತಿರುಗುತ್ತಾ?’ ಎನ್ನುವ ಬದಲು, ‘ಇವತ್ತು ಎಷ್ಟು ಹೊತ್ತು ತಿರುಗ್ತಮ್ಮ? ಯಾವ ಮಗ್ಗುಲಿಗೆ?’ ಎಂದು ತಂದೆಯೇ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಾರೆ. ವೈದ್ಯರಿಗೆ ಆ ಪುಸ್ತಕ ಬಹಳ ಉಪಯೋಗಕ್ಕೆ ಬರುತ್ತದೆ. ಹುಡುಗಿಗೆ ಅದಕ್ಕಿಂತಲೂ ಹೆಚ್ಚು.